ಅಕ್ಕಡಿ ಸಾಲಿನ ಊಟ

ಕಾರ್ತಿಕದ ಒಂದು ಬೆಳಗ್ಗೆ ಹುಣಸೂರಿನಿಂದ ಬೆಟ್ಟದಪುರದ ಕಡೆಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿಳಿದು, ಇಬ್ಬನಿಯಿನ್ನೂ ಆರದ ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದವನಿಗೆ, ಹಳೆಯ ಕ್ರಮವನ್ನು ಬಿಡದ ರೈತನ ರಾಗಿಯ ಹೊಲವೊಂದು ಎದುರಾದರೆ, ಅಲ್ಲಿ ಅವನ ಕಣ್ಣಿಗೆ ಬೀಳುವುದು ರಾಗಿಯೊಂದೇ ಅಲ್ಲ. ಮಾಗುತ್ತಿರುವ ತೆನೆಗಳ ಎಂಟು ಹತ್ತು ಸಾಲು ಮುಗಿಯುತ್ತಲೇ ಒಂದು ಸಾಲು ಅವರೆ. ಮತ್ತೆ ಎಂಟು ಹತ್ತು ಸಾಲಿನ ತರುವಾಯ ತೊಗರಿ. ಅದರಾಚೆ ಹುಚ್ಚೆಳ್ಳಿನ ಹಳದಿ ಹೂವು, ಹೂವಿಗೆ ಮುತ್ತಿದ ಜೇನು. ಬದುವಿನಂಚಿಗೆ ನಾಲ್ಕಾರು ಜೋಳದ ದಂಟು, ದಂಟಿಗೆ ಹಬ್ಬಿದ ಅಲಸಂದೆಯ ಬಳ್ಳಿ. ಕಾಲ ಕೆಳಗೆ, ಯಾರೂ ಬಿತ್ತದೆ ತಾನಾಗಿ ಹುಟ್ಟಿದ ಅಣ್ಣೆ ಸೊಪ್ಪು, ಕೀರೆ ಸೊಪ್ಪು, ಗಣಿಕೆ ಸೊಪ್ಪು. ಮುಖ್ಯ ಪೈರಿನ ನಡುವೆ ಹೀಗೆ ಇತರ ಪೈರುಗಳಿಗೆ ಎಡೆಗೊಡುವ ಪದ್ಧತಿಯನ್ನು ನಮ್ಮ ಸೀಮೆಯ ಜನ ಅಕ್ಕಡಿ ಸಾಲು ಎಂದು ಕರೆಯುತ್ತಾರೆ.

ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ದೇಹವನ್ನು ಎಷ್ಟು ದಣಿಸಬೇಕು ಎಂಬ ಚರ್ಚೆ ಈಗ ಪಟ್ಟಣದ ಬಡಾವಣೆಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಹಳ್ಳಿಯ ಅರಳಿಕಟ್ಟೆಯ ಮೇಲೆ ಕುಳಿತವರೂ ತಮ್ಮ ತಮ್ಮ ಸಕ್ಕರೆಯ ಅಂಕಿಯನ್ನು ಮಳೆಯ ಮಾತಿನಷ್ಟೇ ಸಲೀಸಾಗಿ ಆಡಿಕೊಳ್ಳುವ ಕಾಲ ಬಂದಿದೆ. ಇದಕ್ಕೆ ಉತ್ತರವನ್ನು ದೂರದೇಶದ ಧಾನ್ಯಗಳಲ್ಲಿಯೂ ದುಬಾರಿ ಡಬ್ಬಿಗಳಲ್ಲಿಯೂ ಹುಡುಕುವವರು ಅನೇಕರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳ ಮಣ್ಣನ್ನು ಮೆಟ್ಟಿ, ಅಲ್ಲಿಯ ಅನ್ನವನ್ನು ಉಂಡು ಬೆಳೆದ ನನಗಾದರೋ, ಉತ್ತರದ ಬಹುಪಾಲು ಆ ಹೊಲದಲ್ಲಿಯೇ ಇದೆಯೆಂದು ತೋರುತ್ತದೆ. ಮುಖ್ಯವಾದುದನ್ನು ಕಿತ್ತೊಗೆಯಬೇಕಾಗಿಲ್ಲ, ಅದಕ್ಕೆ ಜೊತೆಗಾರರನ್ನು ಕೊಡಬೇಕು. ಈ ವಿವೇಕವು ಹೊಲಕ್ಕೆ ಹೇಗೋ ಹಾಗೆ ತಟ್ಟೆಗೂ, ತಟ್ಟೆಗೆ ಹೇಗೋ ಹಾಗೆ ದಿನಚರಿಗೂ ಸಲ್ಲುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಹೊಲ

ಈ ನಾಲ್ಕು ತಾಲ್ಲೂಕುಗಳು ಒಂದೇ ಮೈಸೂರು ಜಿಲ್ಲೆಯಲ್ಲಿದ್ದರೂ ಒಂದೇ ಬಗೆಯ ನೆಲವಲ್ಲ. ಕಾವೇರಿಯ ದಡದಲ್ಲಿರುವ ಕೃಷ್ಣರಾಜನಗರವು, ಹಿಂದಿನ ಎಡತೊರೆಯ ಸೀಮೆ, ಹಳೆಯ ಅಣೆಕಟ್ಟೆಗಳ ನಾಲೆಯ ನೀರಿನಿಂದ ಹಸುರಾಗಿ ಭತ್ತದ ಕಣಜವೆನ್ನಿಸಿಕೊಂಡಿತು. ಲಕ್ಷ್ಮಣತೀರ್ಥ ಹರಿಯುವ ಹುಣಸೂರಿನಲ್ಲಿಯೂ ಪಿರಿಯಾಪಟ್ಟಣದಲ್ಲಿಯೂ ಕೆಂಪು ಮಣ್ಣಿನ ಬೆದ್ದಲು ಹೆಚ್ಚು. ಅಲ್ಲಿ ರಾಗಿ, ಹುರುಳಿ, ಅವರೆಗಳ ಪಕ್ಕದಲ್ಲಿ ವರ್ಜೀನಿಯಾ ಹೊಗೆಸೊಪ್ಪು ಬಂದು ನೆಲೆಸಿದೆ. ಹೆಗ್ಗಡದೇವನಕೋಟೆಯು ಕಬಿನಿಯ ನೀರೂ ನಾಗರಹೊಳೆಯ ಕಾಡೂ ಸೇರುವ ಗಡಿಸೀಮೆ. ರಾಗಿಯ ಊಟಕ್ಕೆ ಗೆಡ್ಡೆಗೆಣಸು, ಕಳಲೆ, ಜೇನುಗಳು ಸೇರಿದ ನಾಡು.

ಅಕ್ಕಿಗೂ ರಾಗಿಗೂ ಹಿಂದೊಮ್ಮೆ ಹುಟ್ಟಿದ ವ್ಯಾಜ್ಯವನ್ನು ಕನಕದಾಸರು ತಮ್ಮ ‘ರಾಮಧಾನ್ಯ ಚರಿತೆ’ಯಲ್ಲಿ ಕಾವ್ಯವಾಗಿಸಿದ್ದಾರೆ. ನಾನು ಮೇಲೋ ನೀನು ಮೇಲೋ ಎಂದು ಬಂದ ಎರಡು ಧಾನ್ಯಗಳನ್ನೂ ಶ್ರೀರಾಮನು ಆರು ತಿಂಗಳು ಸೆರೆಯಲ್ಲಿರಿಸಿ ಪರೀಕ್ಷಿಸಿದಾಗ ಸೊರಗದೆ ಉಳಿದುದು ರಾಗಿ ಎಂಬುದು ಆ ಕಥೆ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಳ ಕಾಲ ಹುಳು ಹಿಡಿಯದೆ ಉಳಿಯುವುದನ್ನು ಕಂಡ ರೈತನಿಗೆ ಅದು ಕಟ್ಟುಕಥೆಯೆನ್ನಿಸದು. ಕೋದಂಡರಾಮನ ಗುಡಿಯಿರುವ ಚುಂಚನಕಟ್ಟೆಯಲ್ಲಿ ನಿಂತು ಕಾವೇರಿ ಧುಮುಕುವುದನ್ನು ನೋಡುವಾಗಲೆಲ್ಲ ಈ ವ್ಯಾಜ್ಯ ನನ್ನ ಮನಸ್ಸಿಗೆ ಬರುತ್ತದೆ. ಸಂಕ್ರಾಂತಿಯ ಹೊತ್ತಿನ ಅಲ್ಲಿಯ ದನಗಳ ಜಾತ್ರೆಗೆ ಗದ್ದೆಯ ಸೀಮೆಯವರೂ ಬರುತ್ತಾರೆ, ಬೆದ್ದಲಿನ ಸೀಮೆಯವರೂ ಬರುತ್ತಾರೆ, ಇಬ್ಬರ ಬುತ್ತಿಯೂ ಒಂದೇ ಮರದಡಿಯಲ್ಲಿ ಬಿಚ್ಚಿಕೊಳ್ಳುತ್ತದೆ.

ರಾಗಿಗೆ ನಮ್ಮ ಕಾಲದಲ್ಲಿಯೂ ಒಬ್ಬ ಆರಾಧಕನಿದ್ದನು. ಮೈಸೂರು ಜಿಲ್ಲೆಯಲ್ಲಿಯೇ ಹುಟ್ಟಿ, ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಂನಲ್ಲಿ ತಮ್ಮ ಆಯುಷ್ಯವನ್ನೇ ಸವೆಸಿದ ಲಕ್ಷ್ಮಣಯ್ಯನವರು ಭಾರತದ ತಳಿಗೂ ಆಫ್ರಿಕದ ತಳಿಗೂ ಸಂಕರಮಾಡಿ ‘ಇಂಡಾಫ್’ ಎಂಬ ತಳಿಗಳನ್ನು ಕೊಟ್ಟರು. ಎಕರೆಗೆ ಬರುತ್ತಿದ್ದ ರಾಗಿ ಅದರಿಂದ ಬಹುವಾಗಿ ಏರಿತು. ಹಸಿವಿನ ದಿನಗಳಲ್ಲಿ ಎಷ್ಟೋ ಒಲೆಗಳು ಆರದೆ ಉಳಿದವು. ಜನ ಅವರನ್ನು ರಾಗಿ ಬ್ರಹ್ಮನೆಂದು ಕರೆದರು. ಆ ಹೆಸರು ಅವರಿಗೆ ಪದವಿಗಿಂತ ದೊಡ್ಡದು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರದ ಕೋಷ್ಟಕದಲ್ಲಿ, ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣಾಂಶವಿದೆಯೆಂದೂ, ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿಗೂ ಕಡಿಮೆಯೆಂದೂ ಕಾಣುತ್ತದೆ. ನಾರು ರಾಗಿಯಲ್ಲಿ ಹನ್ನೊಂದು ಗ್ರಾಂ, ಅಕ್ಕಿಯಲ್ಲಿ ಮೂರಕ್ಕೆ ಒಳಗೆ. ಆದರೆ ರಾಗಿಯೊಂದನ್ನೇ ಕೊಂಡಾಡಿ ನಿಲ್ಲಿಸಿದರೆ ಹೊಲವನ್ನು ಅರ್ಧ ಮಾತ್ರ ಓದಿದಂತಾಗುತ್ತದೆ. ದೇಹವು ತನ್ನ ಮಾಂಸಖಂಡಗಳನ್ನು ಕಟ್ಟಿಕೊಳ್ಳಲು ಬೇಕಾದ ಪ್ರೋಟೀನಿನ ಘಟಕಗಳಲ್ಲಿ ಮೆಥಿಯೋನಿನ್ ಎಂಬುದು ರಾಗಿಯಲ್ಲಿ ಸಾಕಷ್ಟಿದೆ, ಲೈಸಿನ್ ಎಂಬುದು ಕಡಿಮೆ. ಅವರೆ, ತೊಗರಿ, ಹುರುಳಿಗಳಲ್ಲಿ ಲೈಸಿನ್ ಹೇರಳ, ಮೆಥಿಯೋನಿನ್ ಕೊರತೆ. ಒಂದರ ಬಡತನವನ್ನು ಇನ್ನೊಂದರ ಸಿರಿತನ ತುಂಬುತ್ತದೆ. ಮಣ್ಣಿನೊಳಗೂ ನಡೆಯುವುದು ಇಂಥದೇ ವ್ಯವಹಾರ: ಅವರೆಯ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟು ನೆಲಕ್ಕೆ ಕೊಡುತ್ತವೆ, ರಾಗಿ ಅದನ್ನು ಉಣ್ಣುತ್ತದೆ. ಈ ಲೆಕ್ಕವನ್ನು ಯಾವ ಪ್ರಯೋಗಾಲಯವೂ ಹೇಳಿಕೊಡದ ಕಾಲದಲ್ಲಿ ಅಕ್ಕಡಿಯನ್ನು ಕಂಡುಕೊಂಡವರ ನಿರೀಕ್ಷಣೆಗೆ ನಾವು ತಲೆಬಾಗಬೇಕು.

ಒಲೆ

ಹೊಲದ ಈ ಕ್ರಮವು ಅಡುಗೆಮನೆಗೆ ಹೇಗೆ ನಡೆದುಬರುತ್ತಿತ್ತೆಂಬುದನ್ನು ನನ್ನ ಅಜ್ಜಿಯ ಮಡಿಲಿನಲ್ಲಿ ಕಂಡಿದ್ದೇನೆ. ಕಳೆ ಕೀಳಲು ಹೋದವಳು ಹಿಂದಿರುಗುವಾಗ ಸೀರೆಯ ಮಡಿಲಿನಲ್ಲಿ ಏಳೆಂಟು ಬಗೆಯ ಸೊಪ್ಪು ಇರುತ್ತಿತ್ತು. ಹೆಸರು ಕೇಳಿದರೆ ಬೆರಕೆ ಸೊಪ್ಪು ಎನ್ನುವಳು, ಒಂದೊಂದನ್ನೇ ಎತ್ತಿ ತೋರಿಸಿ ಇದು ಹೊನಗೊನೆ, ಇದು ಕಣ್ಣಿಗೆ ಒಳ್ಳೆಯದು, ಇದು ಗಣಿಕೆ, ಬಾಯಿ ಹುಣ್ಣಿಗೆ, ಇದು ಒಂದೆಲಗ ಎಂದು ಹೇಳುವಳು. ಆ ಸೊಪ್ಪನ್ನು ಕಾಳಿನೊಂದಿಗೆ ಬೇಯಿಸಿ, ಕಟ್ಟನ್ನು ಬಸಿದು, ಬಸಿದ ಕಟ್ಟಿಗೆ ಖಾರ ಕೂಡಿಸಿದರೆ ಬಸ್ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಎಲ್ಲವನ್ನೂ ಕಡೆದು ಮಸೆದರೆ ಮಸ್ಸೊಪ್ಪು. ಬೇಯಿಸಿದ ನೀರನ್ನು ಚೆಲ್ಲುವುದೆಂಬುದು ಆ ಮನೆಯಲ್ಲಿ ಇರಲಿಲ್ಲ. ನೀರಿನಲ್ಲಿ ಕರಗುವ ಸತ್ತ್ವಗಳು ಸಾರಾಗಿ ತಟ್ಟೆಗೆ ಬರುತ್ತಿದ್ದವು.

ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿ, ಮಾರನೆಯ ದಿನ ಬಿಚ್ಚಿದಾಗ ಬಿಳಿಯ ಮೊಳಕೆಗಳು ಬಟ್ಟೆಯ ಎಳೆಗಳನ್ನು ತೂರಿ ಹೊರಬಂದಿರುತ್ತಿದ್ದವು. ಕಾಳು ಮೊಳೆಯುವಾಗ ಕಬ್ಬಿಣದಂಥ ಲವಣಗಳನ್ನು ಬಿಗಿಹಿಡಿದಿರುವ ಫೈಟೇಟ್ ಎಂಬ ಪದಾರ್ಥ ಕರಗಿ ಕಡಿಮೆಯಾಗುತ್ತದೆ, ‘ಸಿ’ ಜೀವಸತ್ತ್ವ ಹೆಚ್ಚುತ್ತದೆ. ಊಟದ ತಟ್ಟೆಯ ಅಂಚಿಗೆ ಹಿಂಡಿದ ನಿಂಬೆಹಣ್ಣೂ, ಕಡಿದುಕೊಳ್ಳುವ ನೆಲ್ಲಿಕಾಯಿಯೂ ಸೊಪ್ಪಿನೊಳಗಿನ ಕಬ್ಬಿಣವು ರಕ್ತಕ್ಕೆ ಸೇರಲು ನೆರವಾಗುತ್ತವೆ. ಊಟವಾದೊಡನೆ ಕುಡಿಯುವ ಟೀ ಅದನ್ನು ತಡೆಯುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ರಕ್ತಹೀನರು. ಎಲ್ಲರಿಗೂ ಬಡಿಸಿ, ಮಿಕ್ಕಿದ ಸಾರಿನ ನೀರಿನಲ್ಲಿ ತಾನು ಮುದ್ದೆ ಅದ್ದಿ ಉಣ್ಣುವ ಗೃಹಿಣಿಯ ಆ ಕೊನೆಯ ತಟ್ಟೆಯನ್ನು ನೆನೆದರೆ ಈ ಅಂಕಿಗೆ ಬೇರೆ ವಿವರಣೆ ಬೇಕಾಗದು. ಹೆಂಗಸರು ಮೊದಲು ಉಣ್ಣಲಿ, ಇಲ್ಲವೆ ಎಲ್ಲರೊಡನೆ ಕುಳಿತು ಉಣ್ಣಲಿ. ನಮ್ಮ ಮನೆಗಳ ಆರೋಗ್ಯಸುಧಾರಣೆಯಲ್ಲಿ ಹಣ ಖರ್ಚಾಗದ ಪ್ರಥಮ ಕಾರ್ಯ ಇದು.

ಮುದ್ದೆಯ ಸೃಷ್ಟಿಯೂ ಒಂದು ವ್ಯಾಯಾಮವೇ ಆಗಿತ್ತು. ಎಸರು ಕುದಿಯುವಾಗ ಹಿಟ್ಟು ಸುರಿದು, ಅದು ಗುಡ್ಡೆಯಾಗಿ ಬೆಂದು, ನಡುವೆ ಗುಳ್ಳೆಯೊಡೆದು ಉಸಿರಾಡತೊಡಗಿದ ಮೇಲೆ, ಪಾತ್ರೆಯನ್ನು ಕೆಳಗಿಳಿಸಿ ಕವೆಗೋಲಿನಿಂದ ಅದುಮಿ, ಅದರ ತುದಿಗಳನ್ನು ಎರಡು ಕಾಲಿನಿಂದಲೂ ಮೆಟ್ಟಿ, ಹಿಟ್ಟಿನ ದೊಣ್ಣೆಯನ್ನು ಎರಡು ಕೈಯಿಂದಲೂ ಹಿಡಿದು ತೊಳಸುತ್ತಿದ್ದ ಅಜ್ಜಿಯ ತೋಳಿನ ನರಗಳು ಉಬ್ಬಿ ನಿಲ್ಲುತ್ತಿದ್ದವು. ಆಕೆ ಅದಕ್ಕೆ ಮೊದಲು ಕೋಳಿ ಕೂಗುವ ಹೊತ್ತಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಆ ದಿನದ ರಾಗಿಯನ್ನು ಬೀಸಿರುತ್ತಿದ್ದಳು, ಬಾವಿಯಿಂದ ನೀರು ಸೇದಿರುತ್ತಿದ್ದಳು. ಆ ಶ್ರಮವನ್ನು ನಾನು ವೈಭವೀಕರಿಸಲಾರೆ. ಗಿರಣಿಯೂ ನಲ್ಲಿಯೂ ಬಂದುದು ಹೆಣ್ಣಿನ ಬೆನ್ನಿಗೆ ದೊರೆತ ಬಿಡುಗಡೆ. ಆದರೆ ಭಾರ ಇಳಿದ ದೇಹಕ್ಕೆ ಬೇರೆ ಚಲನೆಯನ್ನು ನಾವು ಕೊಡಲಿಲ್ಲ.

ಇನ್ನು ಅಕ್ಕಿಯ ಮಾತು. ಕೃಷ್ಣರಾಜನಗರದ ಗದ್ದೆಯ ಭತ್ತವನ್ನು ಒರಳಿನಲ್ಲಿ ಒನಕೆಯಿಂದ ಕುಟ್ಟುತ್ತಿದ್ದ ದಿನಗಳಲ್ಲಿ ಕೊಟ್ಟಣದ ಅಕ್ಕಿಯ ಮೈಮೇಲೆ ತೌಡಿನ ತೆಳುಪೊರೆ ಉಳಿಯುತ್ತಿತ್ತು. ‘ಬಿ’ ಜೀವಸತ್ತ್ವವಿರುವುದು ಆ ಪೊರೆಯಲ್ಲಿ. ಗಿರಣಿಯ ಹೊಳಪಿನ ಅಕ್ಕಿಯನ್ನೇ ನೆಚ್ಚಿದ ಪೂರ್ವದೇಶಗಳಲ್ಲಿ ಕಾಲಿನ ಬಲ ಕುಂದಿಸುವ ಬೆರಿಬೆರಿ ರೋಗ ಹಬ್ಬಿದಾಗ, ಅದರ ಕಾರಣವನ್ನು ಹುಡುಕಲು 1918ರಲ್ಲಿ ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ ಒಂದು ಸಣ್ಣ ಘಟಕ ಆರಂಭವಾಯಿತು. ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಅಲ್ಲಿ ಇಲಿಗಳಿಗೆ ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಉಣ್ಣಿಸಿ ಬೆಳವಣಿಗೆಯನ್ನು ಅಳೆದರು. ಗೋಧಿರೊಟ್ಟಿ, ಹಾಲು, ಬೇಳೆ, ತರಕಾರಿಗಳು ಕೂಡಿದ ಪಂಜಾಬಿನ ಊಟ ಮೇಲಾಗಿಯೂ, ಅನ್ನವೇ ಪ್ರಧಾನವಾಗಿ ಮಿಕ್ಕೆಲ್ಲ ವಿರಳವಾದ ದಕ್ಷಿಣದ ಊಟ ಕೀಳಾಗಿಯೂ ಕಂಡಿತು. ಆ ಕೂನೂರಿನ ಘಟಕವೇ ಬೆಳೆದು ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಪ್ರಾಂತಪ್ರಾಂತಗಳ ನಡುವಿನ ಮೇಲುಕೀಳನ್ನು ಬಿಟ್ಟು ಆ ಪ್ರಯೋಗದ ತಿರುಳನ್ನು ತೆಗೆದುಕೊಂಡರೆ, ಉಳಿಯುವ ಮಾತು ಮತ್ತೆ ಅಕ್ಕಡಿಯದೇ: ಒಂಟಿಯಾದ ಧಾನ್ಯ ದೇಹವನ್ನು ಸಾಕಲಾರದು.

ತಟ್ಟೆ

ಹೊಲದಿಂದ ಅಕ್ಕಡಿ ಸರಿದುದು ಒಂದು ದಿನದಲ್ಲಲ್ಲ. ಹುಣಸೂರು ಪಿರಿಯಾಪಟ್ಟಣಗಳ ಮಣ್ಣೂ ಮಳೆಯೂ ವರ್ಜೀನಿಯಾ ಹೊಗೆಸೊಪ್ಪಿಗೆ ಒಗ್ಗಿದುವು. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಗಿ, ಮುಂದೆ ಹರಾಜು ಕಟ್ಟೆಗಳು ತೆರೆದು, ಕೈಗೆ ಕಾಸು ಬರುವ ಬೆಳೆಯೆಂದು ಜನ ಅದನ್ನು ನಂಬಿದರು. ಮನೆ ಕಟ್ಟಿದವರು, ಮಗಳ ಮದುವೆ ಮಾಡಿದವರು, ಮಗನನ್ನು ಓದಿಸಿದವರು ಅದರ ದುಡ್ಡಿನಿಂದಲೇ. ಅವರನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮುಂಗಾರಿನ ಮೊದಲ ಮಳೆಯನ್ನು ಹೊಗೆಸೊಪ್ಪಿನ ಸಸಿ ಕುಡಿದ ಮೇಲೆ, ಹಿಂದಿನಿಂದ ಬರುವ ರಾಗಿಗೆ ಅವರೆ ತೊಗರಿಗಳ ಜೊತೆ ಎಲ್ಲರ ಹೊಲದಲ್ಲಿಯೂ ಸಿಗಲಿಲ್ಲ. ಮಳೆಯಲ್ಲಿ ನೆನೆದ ಎಲೆಯನ್ನು ಬರಿಗೈಯಿಂದ ಮುರಿಯುವವರಿಗೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಒಳಹೊಕ್ಕು ತಲೆಸುತ್ತು ವಾಂತಿಗಳನ್ನು ತರುತ್ತದೆ. ತುಂಬುತೋಳಿನ ಅಂಗಿ, ಕೈಗವಸು, ಕೆಲಸ ಮುಗಿದೊಡನೆ ಸೋಪಿನ ಸ್ನಾನ ಎಂಬ ಸರಳ ಎಚ್ಚರಿಕೆಯನ್ನು ಎಲೆ ಹದಮಾಡುವ ಬ್ಯಾರನ್ನಿನ ಬೆಂಕಿಯ ಮುಂದೆ ಐದಾರು ದಿನ ನಿದ್ದೆಗೆಡುವ ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ಬೆಟ್ಟದಪುರದ ಬಳಿಯ ನನ್ನ ಸೋದರಮಾವನ ಕಥೆ ಆ ಸೀಮೆಯ ಅನೇಕರ ಕಥೆ. ಯೌವನದಲ್ಲಿ ಅವರು ಎರಡು ಎತ್ತಿನ ಹಿಂದೆ ದಿನಕ್ಕೆ ಎಷ್ಟು ಮೈಲಿ ನಡೆಯುತ್ತಿದ್ದರೋ ಲೆಕ್ಕವಿಟ್ಟವರಿಲ್ಲ. ಬೆಳಗ್ಗೆ ಎರಡು ಮುದ್ದೆ, ರಾತ್ರಿ ಎರಡು ಮುದ್ದೆ, ನಡುವೆ ಅಂಬಲಿ. ಉಂಡುದೆಲ್ಲ ನೇಗಿಲ ಸಾಲಿನಲ್ಲಿ ಬೆವರಾಗಿ ಇಳಿದುಹೋಗುತ್ತಿತ್ತು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ಅಂಥವರನ್ನು ನೋಡಿಯೇ ಹುಟ್ಟಿದುದು. ಮುಂದೆ ಟ್ರಾಕ್ಟರು ಬಂದಿತು, ಮನೆಯಿಂದ ಹೊಲಕ್ಕೆ ಬೈಕು ಬಂದಿತು, ಹರಾಜು ಕಟ್ಟೆಯಲ್ಲಿ ಟೀ ಬಂದಿತು. ಬದಲಾಗದೆ ಉಳಿದುದು ಮುದ್ದೆಯ ಗಾತ್ರ. ಐವತ್ತೆಂಟನೆಯ ವಯಸ್ಸಿನಲ್ಲಿ ಕಾಲಿನ ಗಾಯವೊಂದು ಮಾಯದೆ ಹೋದಾಗ ಸಕ್ಕರೆ ಕಾಯಿಲೆ ಪತ್ತೆಯಾಯಿತು. ನೋಡಲು ಹೋದ ನನ್ನೊಡನೆ ಅವರು ನೊಂದು ನುಡಿದರು: “ಡಾಕ್ಟ್ರು ಹಿಟ್ಟು ಕಮ್ಮಿ ಮಾಡಿ ಅಂತಾರೆ ಕಣಪ್ಪ. ಹಿಟ್ಟು ಉಣ್ದೆ ಇದ್ರೆ ಉಂಡಂಗೇ ಆಗಕಿಲ್ಲ. ಇಷ್ಟು ದಿನ ಸಾಕಿದ ರಾಗಿ ಈಗ ಇಸ ಆಗೋಯ್ತಾ?”

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿ ವಿಸ್ತರಿಸುತ್ತೇನೆ. ರಾಗಿ ವಿಷವಾಗಲಿಲ್ಲ, ಮಾವ. ರಾಗಿಯ ಸುತ್ತಲಿದ್ದವರು ಎದ್ದುಹೋದರು. ರಾಗಿ ಸಕ್ಕರೆ ಕಾಯಿಲೆಗೆ ಔಷಧವೆಂಬ ಮಾತೂ ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯು ಅಗಿಯದೆ ನುಂಗಿದಾಗ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು 2023ರಲ್ಲಿ ತಿಳಿಸಿದ ಪ್ರಕಾರ ನಮ್ಮ ದೇಶದಲ್ಲಿ ಈ ರೋಗವುಳ್ಳವರು 10.1 ಕೋಟಿ, ಅದರ ಹೊಸ್ತಿಲಲ್ಲಿರುವವರು 13.6 ಕೋಟಿ. ಆ ಮಂಡಳಿಯೂ ಪೋಷಣ ಸಂಸ್ಥೆಯೂ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹೆಚ್ಚು ಶ್ರಮವಿಲ್ಲದವರ ಒಂದು ದಿನದ ಊಟಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು ಮೊಟ್ಟೆ ಮಾಂಸಗಳ ಗುಂಪಿನಿಂದ 85 ಗ್ರಾಂ, ತರಕಾರಿ ಸೊಪ್ಪುಗಳು 400 ಗ್ರಾಂ, ಹಣ್ಣು 100 ಗ್ರಾಂ ಎಂದಿದೆ. ಒಂದು ದೊಡ್ಡ ಮುದ್ದೆಗೆ ನೂರು ಗ್ರಾಂ ಹಿಟ್ಟು ಹಿಡಿಯುವುದೆಂದಿಟ್ಟುಕೊಂಡರೆ, ದಿನಕ್ಕೆ ನಾಲ್ಕು ಮುದ್ದೆಯವನು ಧಾನ್ಯವೊಂದರಲ್ಲಿಯೇ ನಾನೂರು ಗ್ರಾಮಿಗೆ ಹೋದನು; ಅವನ ತಟ್ಟೆಯ ಸೊಪ್ಪಿಗೂ ಕಾಳಿಗೂ ಹೊಟ್ಟೆಯಲ್ಲಿ ಜಾಗವೆಲ್ಲಿ?

ಆದುದರಿಂದ ಮುದ್ದೆಯನ್ನು ತ್ಯಜಿಸಬೇಕಾಗಿಲ್ಲ; ಅದು ಚಿಕ್ಕದಾಗಲಿ, ಪಕ್ಕದಲ್ಲಿ ಬಸ್ಸಾರಿನ ಪಲ್ಯ ದೊಡ್ಡದಾಗಲಿ. ಮೊದಲು ಪಲ್ಯವನ್ನೂ ಕಾಳನ್ನೂ ಉಂಡು ಆಮೇಲೆ ಮುದ್ದೆಗೆ ಕೈಯಿಟ್ಟರೆ ಸಕ್ಕರೆ ನಿಧಾನವಾಗಿ ಏರುತ್ತದೆ, ಹಸಿವೂ ಬೇಗ ತಣಿಯುತ್ತದೆ. ವಾರಕ್ಕೊಮ್ಮೆಯ ನಾಟಿಕೋಳಿ ಸಾರು, ಹೊಳೆಯ ಮೀನು, ಗದ್ದೆಯ ಏಡಿ ಇವು ಉಣ್ಣುವವರಿಗೆ ಉತ್ತಮ ಆಹಾರವೇ ಸರಿ. ಕರಿದ ಬೋಂಡ ಬಜ್ಜಿಗಳಿಗೆ ಆ ಮಾತು ಸಲ್ಲದು. ಎರಡು ಚಮಚ ಸಕ್ಕರೆಯ ಟೀಯನ್ನು ದಿನಕ್ಕೆ ಐದು ಸಲ ಕುಡಿದರೆ ಐವತ್ತು ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟ ಮೇಲಿನ ಮಿತಿಯೇ ಸುಮಾರು ಅಷ್ಟು, ಅದರರ್ಧಕ್ಕೆ ಇಳಿದರೆ ಇನ್ನೂ ಹಿತ. ಉಪ್ಪು ದಿನಕ್ಕೆ ಐದು ಗ್ರಾಂ, ಎಂದರೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ ಹಪ್ಪಳಗಳೂ ಆ ಚಮಚದ ಲೆಕ್ಕಕ್ಕೇ ಸೇರಬೇಕು.

ಮಕ್ಕಳ ವಿಷಯದಲ್ಲಿ ಸರ್ಕಾರದ ಪ್ರಯತ್ನವೂ ಅಕ್ಕಡಿಯ ಕಡೆಗೆ ಬರುತ್ತಿರುವುದು ಸಂತೋಷದ ಸಂಗತಿ. 2013ರ ಆಗಸ್ಟ್ ಒಂದರಂದು ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಆರಂಭವಾಯಿತು. 2024ರ ಫೆಬ್ರುವರಿಯಿಂದ ಆ ಹಾಲಿಗೆ ವಾರದಲ್ಲಿ ಮೂರು ದಿನ ರಾಗಿಯ ಮಾಲ್ಟು ಕೂಡಿತು. ಶಾಲೆಯ ಗಂಟೆ ಬಾರಿಸಿದ ಮೇಲೆ ಅದೇ ಮಗು ಅಂಗಡಿಯ ಮುಂದೆ ಐದು ರೂಪಾಯಿಯ ಕುರುಕಲಿನ ಪೊಟ್ಟಣಕ್ಕೆ ಕೈಚಾಚದಂತೆ, ಮನೆಯ ಡಬ್ಬಿಯಲ್ಲಿ ಹುರಿದ ಕಡಲೆ, ಹುರಿಹಿಟ್ಟಿನ ಉಂಡೆ, ಬಾಳೆಹಣ್ಣು ಇರುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಕಾಡು

ಆಹಾರದ ವೈವಿಧ್ಯವು ಜನರಿಂದ ಹೇಗೆ ಕೈತಪ್ಪುತ್ತದೆ ಎಂಬುದನ್ನು ಹೆಗ್ಗಡದೇವನಕೋಟೆಯ ಆದಿವಾಸಿ ಹಾಡಿಗಳಷ್ಟು ನೋವಿನಿಂದ ತಿಳಿಸುವ ಸ್ಥಳ ಮತ್ತೊಂದಿಲ್ಲ. ಜೇನುಕುರುಬರೂ ಬೆಟ್ಟಕುರುಬರೂ ಯರವರೂ ಕಾಡಿನೊಳಗೆ ವಾಸವಾಗಿದ್ದಾಗ ಋತುವಿಗೊಂದು ಅಡುಗೆ ಅವರದಾಗಿತ್ತು: ಮಳೆಗಾಲಕ್ಕೆ ಕಳಲೆಯೂ ಅಣಬೆಯೂ, ಚಳಿಗೆ ಅಗೆದು ಸುಟ್ಟ ನೂರೆಯಂಥ ಗೆಣಸುಗಳೂ, ಬೇಸಗೆಗೆ ಜೇನೂ ಹಣ್ಣುಗಳೂ. 1974ರಲ್ಲಿ ಮುಗಿದ ಕಬಿನಿಯ ಅಣೆಕಟ್ಟೆಯ ನೀರು ಒಂದಷ್ಟು ಹಾಡಿಗಳನ್ನು ಎಬ್ಬಿಸಿತು. ವನ್ಯಮೃಗಗಳ ರಕ್ಷಣೆಯ ಕ್ರಮಗಳು ಇನ್ನೊಂದಷ್ಟನ್ನು ಎಬ್ಬಿಸಿದುವು. ಕಾಡಿನಂಚಿಗೆ ಬಂದು ನಿಂತವರ ಕೈಗೆ ದೊರೆತುದು ಬಹುತೇಕ ಅಂಗಡಿಯ ಅಕ್ಕಿ. ಹಸಿವಿಗೆ ಅಕ್ಕಿ ಬಂದುದು ದೊಡ್ಡ ಉಪಕಾರ, ನಿಜ. ಆದರೆ ಇಪ್ಪತ್ತು ಮೂವತ್ತು ಬಗೆಯ ಅನ್ನಮೂಲಗಳಿದ್ದ ಬದುಕು ಒಂದು ಚೀಲದೊಳಗೆ ಮುದುಡಿಕೊಂಡಿತು.

1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಅವರೂ ಅವರ ಗೆಳೆಯರೂ ಸೇರಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯು ಈ ಜನರ ನಡುವೆ ಬಂದು, ಕೆಂಚನಹಳ್ಳಿಯಲ್ಲಿಯೂ ಸರಗೂರಿನಲ್ಲಿಯೂ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಶಾಲೆ ನಡೆಸಿ, ಚಿಕಿತ್ಸೆಯ ಜೊತೆಗೆ ಶಿಕ್ಷಣವನ್ನೂ ಕೈಗೆತ್ತಿಕೊಂಡಿತು. ರೋಗಕ್ಕೆ ಮದ್ದು ಕೊಟ್ಟರಷ್ಟೇ ಸಾಲದು, ಬದುಕಿಗೆ ಆಸರೆ ಬೇಕು ಎಂಬುದು ಅಲ್ಲಿ ಕೆಲಸಕ್ಕಿಳಿದವರಿಗೆಲ್ಲ ಅರಿವಾಗುವ ಸತ್ಯ. ಕಾಡಿನ ಗೆಣಸನ್ನು ಗುರುತಿಸಬಲ್ಲ ಮುದುಕಿಯೊಬ್ಬಳು ಹಾಡಿಯಲ್ಲಿ ಇನ್ನೂ ಉಳಿದಿದ್ದರೆ, ಆಕೆಯ ಮುಂದೆ ಮಕ್ಕಳನ್ನು ಕೂರಿಸಿ ಆ ವಿದ್ಯೆಯನ್ನು ಕಲಿಸುವುದು ಪುಸ್ತಕದ ಪಾಠದಷ್ಟೇ ತುರ್ತಾದುದು.

ನಡೆ

ಊಟದ ಮಾತು ಇಷ್ಟಾದ ಮೇಲೆ ದುಡಿಮೆಯ ಮಾತು. ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರೀಕ್ಷಿಸಿ 1953ರಲ್ಲಿ ಪ್ರಕಟಿಸಿದ ಒಂದು ಶೋಧ ಈ ವಿಷಯದಲ್ಲಿ ಕಣ್ತೆರೆಯಿಸಿತು: ದಿನವಿಡೀ ಕುಳಿತಿರುವ ಚಾಲಕರಿಗಿಂತ, ಟಿಕೆಟ್ಟಿಗಾಗಿ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ. ಬಸ್ಸು ಒಂದೇ, ಸಂಬಳದಲ್ಲಿಯೂ ಬಹಳ ಅಂತರವಿಲ್ಲ; ಅಂತರವಿದ್ದುದು ಕಾಲಿನ ಕೆಲಸದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಹದವಾದ ಶ್ರಮ. ಐದು ದಿನ ಅರ್ಧರ್ಧ ಗಂಟೆ ಬಿರುಸಾಗಿ ನಡೆದರೆ ಅದು ತೀರುತ್ತದೆ. ಇದರೊಡನೆ ವಾರಕ್ಕೆರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ಕೆಲಸವೂ ಇರಬೇಕು. ಹದವೆಂದರೆ ಎಷ್ಟು? ತನ್ನ ಬಲದ ಅರ್ಧದಷ್ಟು ವ್ಯಾಯಾಮ ಸಾಕೆಂದೂ, ಉಸಿರು ಬಾಯಿಗೆ ಬರತೊಡಗಿದರೆ ಅದೇ ಅರ್ಧದ ಗುರುತೆಂದೂ ಸುಶ್ರುತನು ಎಂದೋ ಅಳತೆ ಕೊಟ್ಟಿದ್ದಾನೆ. ನಡೆಯುತ್ತ ಮಾತಾಡಬಹುದು, ಹಾಡಲಾಗದು ಎಂಬ ಇಂದಿನ ವೈದ್ಯರ ಅಳತೆಯೂ ಬಹುಮಟ್ಟಿಗೆ ಅದೇ.

ಬಲದ ಕೆಲಸಕ್ಕೂ ನಮ್ಮಲ್ಲಿ ಪರಂಪರೆಯಿಲ್ಲದಿಲ್ಲ. ಊರೂರಿನ ಗರಡಿಮನೆಯಲ್ಲಿ ಕೆಮ್ಮಣ್ಣಿನ ಮಟ್ಟಿಗೆ ನಮಸ್ಕರಿಸಿ ದಂಡೆ ಬಸ್ಕಿ ಹೊಡೆದು ಗದೆ ತಿರುಗಿಸುತ್ತಿದ್ದ ಸಾಮಿನ ಪದ್ಧತಿಗೆ ದುಬಾರಿ ಯಂತ್ರವೊಂದೂ ಬೇಕಿರಲಿಲ್ಲ. ಕೃಷ್ಣರಾಜನಗರವು ಯಾರ ಹೆಸರನ್ನು ಹೊತ್ತಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿಯೇ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿ, 1934ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲಿ ಬರೆದು ಪ್ರಕಟಿಸಿದರು. ಈಗ ಲೋಕವೆಲ್ಲ ಚಾಪೆ ಹಾಸಿ ಅಭ್ಯಾಸಮಾಡುವ ಆಸನಗಳಲ್ಲಿ ಎಷ್ಟೋ ಅಲ್ಲಿಂದ, ಅವರ ಶಿಷ್ಯರಾದ ಪಟ್ಟಾಭಿ ಜೋಯಿಸ್ ಮತ್ತು ಬಿ.ಕೆ.ಎಸ್. ಅಯ್ಯಂಗಾರ್ ಅವರ ಮೂಲಕ ಹರಡಿದುವು.

ಆದರೆ ನಮ್ಮ ಹಳ್ಳಿಗರಿಗೆ ನಡೆಯುವುದು ವ್ಯಾಯಾಮವೆಂಬ ಹೆಸರಿನಿಂದ ಬರಲಿಲ್ಲ. ಭಕ್ತಿಯ ಹೆಸರಿನಿಂದ, ಕೆಲಸದ ಹೆಸರಿನಿಂದ ಬಂದಿತು. ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ದರ್ಶನಕ್ಕೆ ಮೂರು ಸಾವಿರಕ್ಕೂ ಮಿಕ್ಕ ಮೆಟ್ಟಿಲು ಹತ್ತಬೇಕು. ಹತ್ತಿದವನು ನೆನೆಯುವುದು ದೇವರನ್ನು, ದಣಿದು ಗಟ್ಟಿಯಾಗುವುದು ಅವನ ಹೃದಯ. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಪರಸೆ ಹೊರಡುವವರು ದಾರಿಯುದ್ದಕ್ಕೂ ಮೈಲಿ ಎಣಿಸುವುದಿಲ್ಲ. ತಮ್ಮ ನಾಡನ್ನು ಬಿಟ್ಟುಬಂದು 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಯಲ್ಲಿ ನೆಲೆಸಿದ ಟಿಬೆಟ್ಟಿನವರ ಹಿರಿಯರು ಇಂದಿಗೂ ಮುಂಜಾನೆ ಜಪಮಣಿ ಹಿಡಿದು ವಿಹಾರದ ಸುತ್ತ ಪ್ರದಕ್ಷಿಣೆ ಬರುತ್ತಾರೆ. ಗುರಿಯಿರುವ ನಡೆಗೆ ಬೇಸರವಿಲ್ಲ, ಬೇಸರವಿಲ್ಲದ ನಡೆ ನಿಲ್ಲುವುದಿಲ್ಲ.

ದಿನಚರಿಗೂ ಅಕ್ಕಡಿ ಸಲ್ಲುವುದೆಂದು ಮೊದಲಿಗೆ ಹೇಳಿದುದು ಈ ಅರ್ಥದಲ್ಲಿ. ಕುಳಿತು ಮಾಡುವ ಕೆಲಸ ಇಂದಿನ ಬದುಕಿನ ಮುಖ್ಯ ಪೈರು. ಅದನ್ನು ಕಿತ್ತೆಸೆಯಲು ಗುಮಾಸ್ತನಿಗೂ ಅಂಗಡಿಯವನಿಗೂ ಟ್ರಾಕ್ಟರಿನವನಿಗೂ ಆಗದು. ಆದರೆ ಅದರ ನಡುನಡುವೆ ನಡೆಯ ಒಂದೊಂದು ಸಾಲನ್ನು ಬಿತ್ತಬಹುದು: ಗಂಟೆಗೊಮ್ಮೆ ಎದ್ದು ನಾಲ್ಕು ಮಾರು ಹೋಗಿಬರುವುದು, ಊಟವಾದ ಮೇಲೆ ಹತ್ತು ನಿಮಿಷ ಬೀದಿಯಲ್ಲಿ ಅಡ್ಡಾಡುವುದು, ಒಂದು ಮೈಲಿಯೊಳಗಿನ ಕೆಲಸಕ್ಕೆ ಬೈಕನ್ನು ಮುಟ್ಟದಿರುವುದು, ಬೆಳಗ್ಗೆ ಅಂಗಳದಲ್ಲಿ ಹತ್ತು ಬಸ್ಕಿ. ಸಾಲು ಸಣ್ಣದು, ಸುಗ್ಗಿಯಲ್ಲಿ ಅದರ ಕಾಳು ಕಣವನ್ನು ತುಂಬುತ್ತದೆ.

ಕಳೆದ ಮಳೆಗಾಲದಲ್ಲಿ ಮಾವನ ಊರಿಗೆ ಹೋಗಿದ್ದೆ. ಹೊಗೆಸೊಪ್ಪಿನ ಪಕ್ಕದ ಒಂದು ಎಕರೆಯಲ್ಲಿ ಅವರು ಕೂರಿಗೆಯಿಂದ ರಾಗಿ ಬಿತ್ತಿ, ಅದರ ನಡುವೆ ತಾವೇ ಬಗ್ಗಿ, ಗೇಣುಗೇಣಿಗೊಂದರಂತೆ ಅವರೆಯ ಬೀಜವನ್ನು ಊರಿದ್ದರು. ಮನೆಯಿಂದ ಆ ಹೊಲ ಒಂದೂವರೆ ಮೈಲಿ. “ಬೈಕು ಮಗನಿಗೆ ಬಿಟ್ಟಿವ್ನಿ. ಅವರೆ ಹೂವ ಬಿಟ್ತೋ ಇಲ್ವೋ ಅಂತ ದಿನಾ ನೋಡ್ಬೇಕಲ್ಲ, ಅದಕ್ಕೇ ನಡ್ಕಂಡೋಯ್ತೀನಿ” ಎಂದರು. ಆ ರಾತ್ರಿ ಅವರ ತಟ್ಟೆಯಲ್ಲಿ ಒಂದೇ ಮುದ್ದೆಯಿದ್ದಿತು, ಮುಷ್ಟಿಯಷ್ಟು. ಅದರ ಸುತ್ತ ಹುರುಳಿಯ ಬಸ್ಸಾರು, ಬೆರಕೆ ಸೊಪ್ಪಿನ ಪಲ್ಯ, ಒಂದು ಹೋಳು ನಿಂಬೆ. ಅತ್ತೆಯೂ ತಟ್ಟೆಯಿಟ್ಟುಕೊಂಡು ಅವರ ಪಕ್ಕದಲ್ಲಿಯೇ ಕುಳಿತರು. ಉಂಡು ಕೈತೊಳೆದ ಮಾವ, ಕೇಳುವ ಮೊದಲೇ, ಉಂಡಂಗಾಯ್ತು ಎಂದರು.